ನ್ಯೂಯಾರ್ಕಿನ ತಪ್ಪೊಪ್ಪಿಗೆ ನಮ್ಮ ಕೋರ್ಟಿನಲ್ಲಿ ನಿಲ್ಲುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಜೆ.ಡಿ. ರಾಬ್ ಅವರ ‘ಇನ್ ಡೆತ್’ ಎಂಬ ಇಂಗ್ಲಿಷ್ ಪತ್ತೇದಾರಿ ಕಾದಂಬರಿ ಸರಣಿಯ ಬಗ್ಗೆ ಓದುಗರ ಪತ್ರಗಳು ಬರುತ್ತಿವೆ. ಒಬ್ಬರು ಹೊಗಳುತ್ತಾರೆ, ಮುಂದಿನ ವಾರ ಇನ್ನೊಬ್ಬರು ಜಾಡಿಸುತ್ತಾರೆ. ಇಷ್ಟೆಲ್ಲ ಪತ್ರಗಳಲ್ಲಿ ಪೊಲೀಸ್ ಇಲಾಖೆಯವರದ್ದು ಒಂದೂ ಇಲ್ಲ. ಕಥಾನಾಯಕಿಯೇ ಪೊಲೀಸ್ ಅಲ್ವಾ? ಹಾಗಾಗಿ ನನ್ನದೂ ಒಂದು ಇರಲಿ. ನಾನು ಶಿವಮೊಗ್ಗ ಜಿಲ್ಲೆಯ ಠಾಣೆಗಳಲ್ಲಿ ಕೆಲಸ ಮಾಡಿ ಎಎಸ್‌ಐ ಆಗಿ ನಿವೃತ್ತಳಾದವಳು. ಸರ್ವೀಸಿನಲ್ಲಿ ಬಹುಪಾಲು ರೈಟರ್ ಸೀಟಿನಲ್ಲೇ ಕಳೆಯಿತು. ದೂರು, ಎಫ್‌ಐಆರ್, ಮಹಜರು, ಹೇಳಿಕೆ, ಚಾರ್ಜ್‌ಶೀಟ್ ಎಲ್ಲ ಬರೆದು ಹೊಂದಿಸಿ ಕೋರ್ಟಿಗೆ ಕಳಿಸುವ ಕೆಲಸ.

ಓದದವರಿಗಾಗಿ ಎರಡು ಮಾತು. ಈ ಸರಣಿಯ ಮೊದಲ ಪುಸ್ತಕ ಬಂದದ್ದು 1995ರಲ್ಲಿ. ಬರೆದವರು ನೋರಾ ರಾಬರ್ಟ್ಸ್. ಪ್ರೇಮ ಕಾದಂಬರಿಗಳಿಂದ ಹೆಸರಾದವರು. ಇದಕ್ಕೆ ಜೆ.ಡಿ. ರಾಬ್ ಅಂತ ಬೇರೆ ಹೆಸರು ಇಟ್ಟುಕೊಂಡರು. ಕಥೆ ಶುರುವಾಗುವುದು 2058ರ ನ್ಯೂಯಾರ್ಕಿನಲ್ಲಿ. ಲೆಫ್ಟಿನೆಂಟ್ ಈವ್ ಡಲ್ಲಾಸ್ ಕೊಲೆ ಕೇಸುಗಳ ತನಿಖಾಧಿಕಾರಿ. ಮೊದಲ ಪುಸ್ತಕದಲ್ಲಿ ಅವಳು ಸಂಶಯ ಪಟ್ಟ ರೋರ್ಕ್ ಎಂಬ ಐರ್ಲೆಂಡಿನ ಸಿರಿವಂತನೇ ಆಮೇಲೆ ಅವಳ ಗಂಡ. ಜೊತೆಗೆ ಪೀಬಾಡಿ ಅಂತ ಒಬ್ಬಳು ಸಹಾಯಕಿ. ಪುಸ್ತಕಗಳು 60 ದಾಟಿವೆ. ನಾನು ಎಲ್ಲವನ್ನೂ ಓದಿಲ್ಲ. ಮಗಳು ಬೆಂಗಳೂರಿನಿಂದ ಬರುವಾಗ ತಂದಷ್ಟು, ಮೊಬೈಲಿಗೆ ಹಾಕಿಕೊಟ್ಟಷ್ಟು ಓದಿದ್ದೇನೆ. ನನ್ನ ಇಂಗ್ಲಿಷ್ ನಿಧಾನ. ಆದರೆ ಠಾಣೆ ಕಥೆ ಆದ್ದರಿಂದ ಅರ್ಥವಾಗದೆ ನಿಂತ ಜಾಗ ಕಡಿಮೆ.

ಸಾಗರದ ಓದುಗರೊಬ್ಬರು ಎಲ್ಲ ಪುಸ್ತಕವೂ ಒಂದೇ ತರ ಅಂತ ಬರೆದಿದ್ದರು. ಹೆಣ ಸಿಗುತ್ತದೆ, ಈವ್ ನಿದ್ದೆಗೆಡುತ್ತಾಳೆ, ಗಂಡ ಊಟ ಮಾಡು ಅಂತ ಬಯ್ಯುತ್ತಾನೆ, ಮನೆಯ ಬಟ್ಲರ್ ಸಮ್ಮರ್‌ಸೆಟ್ ಜೊತೆ ಜಗಳ, ಕೊನೆಗೆ ಆರೋಪಿ ಸಿಗುತ್ತಾನೆ. ನಿಜವೇ. ಆದರೆ ಸರಣಿ ಓದುವವರು ಅದಕ್ಕೇ ಅಲ್ವಾ ಬರುವುದು? ನಮ್ಮ ಅಪ್ಪ ಕೊಪ್ಪದ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತರುತ್ತಿದ್ದರು. ಅದರ ಪತ್ತೇದಾರ ಪುರುಷೋತ್ತಮ ಬಂದ ಅಂದರೆ ಕಳ್ಳ ಸಿಕ್ಕಿದ ಅಂತಲೇ ಲೆಕ್ಕ. ಆದರೂ ಹಟ್ಟಿ ಕೆಲಸ ಬಿಟ್ಟು ಓದುತ್ತಿದ್ದರು, ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದರು.

ನನಗೆ ತಮಾಷೆ ಅನ್ನಿಸುವುದು ಬೇರೆ. 30 ವರ್ಷದಿಂದ ಪುಸ್ತಕ ಬರುತ್ತಿವೆ, ಕಥೆಯೊಳಗೆ ಮಾತ್ರ ಮೂರು ವರ್ಷ ಕಳೆದಿದೆ. 2058ರಲ್ಲಿ ಶುರುವಾಗಿ ಈಗ 2061. ಮೊದಲ ಪುಸ್ತಕ ಓದಿದವರಿಗೆ ಆ ಕಾಲ 63 ವರ್ಷ ದೂರ ಇತ್ತು. ಈಗ ನನ್ನ ಮೊಮ್ಮಗಳು ಅವಳ ವಯಸ್ಸಿಗೆ ಬರುವ ಹೊತ್ತಿಗೆ ಆ ಇಸವಿ ಬಂದೇ ಬಿಡುತ್ತದೆ. ಅಷ್ಟರಲ್ಲಿ ಈವ್‌ಗೆ ಒಂದು ಪ್ರಮೋಷನ್ ಸಿಗುತ್ತದೋ ಇಲ್ಲವೋ. ಪ್ರಮೋಷನ್ ವಿಷಯದಲ್ಲಿ ನಾನು ಜಾಸ್ತಿ ಮಾತಾಡಬಾರದು ಬಿಡಿ.

ಇನ್ನೊಬ್ಬರಿಗೆ ಅದರಲ್ಲಿನ ಮುಂದಿನ ಕಾಲ ಹಳೆಯದಾಯಿತು ಅನ್ನಿಸಿದೆ. ಜೇಬಿನಲ್ಲಿಟ್ಟುಕೊಂಡು ಮುಖ ನೋಡಿ ಮಾತಾಡುವ ಫೋನನ್ನು ಲೇಖಕಿ 1995ರಲ್ಲಿ ಬರೆದಾಗ ಅದು ಕಲ್ಪನೆ. ಈಗ ನಮ್ಮ ಮನೆಗೆ ಹಾಲು ಹಾಕುವ ಹುಡುಗನ ಹತ್ತಿರವೂ ಇದೆ. ಆ ಪುಸ್ತಕಗಳಲ್ಲಿ ಮಾಹಿತಿಯನ್ನು ಇನ್ನೂ ಡಿಸ್ಕಿನಲ್ಲಿ ಹಾಕಿ ಕೊಡುತ್ತಾರೆ, ನಮ್ಮಲ್ಲಿ ಸಿಡಿ ಹಾಕುವ ಕಂಪ್ಯೂಟರೇ ಸಿಗುವುದಿಲ್ಲ. ಈ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ನಾನು ಗಮನಿಸಿದ್ದು ಈವ್‌ಳ ಕೋಟಿನ ಮೇಲಿರುವ ರೆಕಾರ್ಡರ್. ಹೆಣ ಇರುವ ಕೋಣೆಗೆ ಕಾಲಿಡುವ ಮೊದಲೇ ಅದು ಆನ್. ಕೈಗೆ, ಬೂಟಿಗೆ ಗುರುತು ಬೀಳದ ಹಾಗೆ ಸೀಲ್ ಹಚ್ಚಿಕೊಳ್ಳುತ್ತಾಳೆ. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗುತ್ತಾಳೆ. 2024ರ ಜುಲೈ 1ರಿಂದ ನಮ್ಮಲ್ಲೂ ಹೊಸ ಕಾನೂನು ಬಂದು, ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕು ಅಂತಾಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್. ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಕೇಸುಗಳಲ್ಲಿ ಫೊರೆನ್ಸಿಕ್ ತಜ್ಞರು ಜಾಗಕ್ಕೆ ಬರಬೇಕು ಅನ್ನುವುದೂ ಅದೇ ಸಂಹಿತೆಯಲ್ಲಿದೆ. ಅಂದರೆ ಈವ್ ಮಾಡುವುದನ್ನೇ ಈಗ ನಮ್ಮ ಹುಡುಗರು ಮೊಬೈಲ್ ಹಿಡಿದು ಮಾಡುತ್ತಾರೆ. ಆಗುಂಬೆ ಕಡೆಯ ಕಾಡಿನಲ್ಲಿ ವಿಡಿಯೊ ಮಾಡಿ, ಸಿಗ್ನಲ್ ಸಿಗುವ ತಿರುವಿನ ತನಕ ಜೀಪಿನಲ್ಲಿ ಬರಬೇಕು ಅನ್ನುವುದೊಂದು ವ್ಯತ್ಯಾಸ.

ಬಂದೂಕಿನ ವಿಷಯಕ್ಕೂ ನಗು ಬಂತು. ಆ ಕಾಲದ ಅಮೆರಿಕದಲ್ಲಿ ಬಂದೂಕು ನಿಷೇಧ. ಅದು ಸಂಗ್ರಹಕಾರರ ಕಪಾಟಿನ ವಸ್ತು. ಮೊದಲ ಪುಸ್ತಕದ ಕೊಲೆ ಹಳೆಯ ರಿವಾಲ್ವರಿನಿಂದ ಆದದ್ದಕ್ಕೇ ಎಲ್ಲರೂ ಬೆಚ್ಚಿಬೀಳುತ್ತಾರೆ. ನಮ್ಮ ಮಲೆನಾಡಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ತೆಗೆದುಕೊಂಡ ಕೋವಿಗಳು ಎಷ್ಟು ಮನೆಯಲ್ಲಿವೆ! ಚುನಾವಣೆ ಬಂತೆಂದರೆ ಅವೆಲ್ಲ ಠಾಣೆಗೆ ಡೆಪಾಸಿಟ್. ಒಂದೊಂದಕ್ಕೂ ಚೀಟಿ ಕಟ್ಟಿ, ರಿಜಿಸ್ಟರಿನಲ್ಲಿ ನಂಬರ್ ಬರೆದು, ಗೋಡೆಗೆ ಒರಗಿಸಿ ನಿಲ್ಲಿಸಿದರೆ ನಮಗೆ ಕೂರಲು ಜಾಗ ಇರುವುದಿಲ್ಲ. ಫಲಿತಾಂಶ ಬಂದ ಮರುದಿನವೇ ಗೌಡರುಗಳು ಬಂದು, “ನಮ್ದು ಕೊಡಿ ಮೇಡಂ, ಮಂಗ ತೋಟ ಖಾಲಿ ಮಾಡ್ತಾ ಇದಾವೆ” ಅಂತ ನಿಲ್ಲುತ್ತಾರೆ.

ಕಾಫಿಯದ್ದಂತೂ ಕೇಳಲೇಬೇಡಿ. 2058ರಲ್ಲಿ ನಿಜವಾದ ಕಾಫಿ ಸಿರಿವಂತರಿಗೆ ಮಾತ್ರ, ಉಳಿದವರಿಗೆ ಅದರ ನಕಲು. ರೋರ್ಕ್ ಈವ್‌ಗೆ ಕಳಿಸುವ ದೊಡ್ಡ ಉಡುಗೊರೆ ಕಾಫಿ ಪುಡಿ. ಕೊಪ್ಪ, ಬಾಳೆಹೊನ್ನೂರು ಕಡೆಯವರು ಈ ಭಾಗ ಓದಿದರೆ ಹುಡುಗ ಬುದ್ಧಿವಂತ ಅನ್ನುತ್ತಾರೆ.

ಗಂಡ ಹೆಂಡತಿಯ ಪ್ರಣಯ ಜಾಸ್ತಿ, ಮನೆಯಲ್ಲಿ ಎಲ್ಲರೂ ಓದುವ ಹಾಗಿಲ್ಲ ಅಂದವರಿಗೆ ನನ್ನ ಉತ್ತರ ಇಷ್ಟೇ: ಆ ಪುಟ ದಾಟಿಸಿ. ಕೇಸಿಗೆ ಏನೂ ಆಗುವುದಿಲ್ಲ.

ಈಗ ನಾನು ಪತ್ರ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ದಾವಣಗೆರೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಚೆನ್ನಾಗಿ ಬರೆದಿದ್ದಾಳೆ. ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ವಿಚಾರಣೆಯ ಕೋಣೆಯಂತೆ. ಈವ್ ಒಳಗೆ ಹೋಗಿ ಕೂತರೆ ಎಂಥ ಆರೋಪಿಯೂ ಬಾಯಿ ಬಿಡುತ್ತಾನೆ, ನಮ್ಮ ಪೊಲೀಸರೂ ಹಾಗೆ ಬಾಯಿ ಬಿಡಿಸುವವರಾಗಿದ್ದರೆ ಎಷ್ಟೋ ಕೊಲೆಗಾರರು ತಪ್ಪಿಸಿಕೊಳ್ಳುತ್ತಿರಲಿಲ್ಲ ಅಂತ ಬರೆದಿದ್ದಾಳೆ. ಮರುವಾರ ಮೂರು ಪತ್ರಗಳು ಅದಕ್ಕೆ ತಲೆಯಾಡಿಸಿದ್ದವು.

ಮಗಾ, ಬಾಯಿ ಬಿಡಿಸುವುದು ನಮಗೆ ಬರುವುದಿಲ್ಲ ಅಂತ ಯಾರು ಹೇಳಿದರು? ಬಿಡಿಸಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವ ಹಾಗಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ ಅದನ್ನೇ ಹೇಳುತ್ತಿತ್ತು. ಈಗ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಕೊಲೆಗೆ ಹಾಕುತ್ತಿದ್ದ ಸೆಕ್ಷನ್ 302 ಹೋಗಿ 103 ಬಂತು, ಕಾನೂನು ಪುಸ್ತಕಗಳ ಹೆಸರೇ ಬದಲಾಯಿತು, ಇದೊಂದು ಮಾತು ಬದಲಾಗಲಿಲ್ಲ. ಆರೋಪಿ ನಮ್ಮೆದುರು ಕೂತು, “ಹೌದು, ನಾನೇ ಕಡಿದೆ, ಕತ್ತಿಯನ್ನು ತೋಟದ ಬಾವಿಗೆ ಎಸೆದೆ” ಅಂದ ಅಂತಿಟ್ಟುಕೊಳ್ಳಿ. ಅವನು ಹೇಳಿದ ಜಾಗದಲ್ಲಿ ಕತ್ತಿ ಸಿಕ್ಕರೆ, ಆ ಪತ್ತೆಗೆ ದಾರಿಯಾದಷ್ಟು ಮಾತು ಮಾತ್ರ ಕೋರ್ಟಿಗೆ ಬೇಕು. ನಾನೇ ಕಡಿದೆ ಅಂದದ್ದು ಹೋಯಿತು. ತಪ್ಪು ಒಪ್ಪಿಕೊಳ್ಳುವುದೇ ಆದರೆ ಮ್ಯಾಜಿಸ್ಟ್ರೇಟ್ ಮುಂದೆ ಒಪ್ಪಿಕೊಳ್ಳಬೇಕು. ಅವರು ಮೊದಲೇ ಹೇಳುತ್ತಾರೆ, ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಸಬಹುದು ಅಂತ.

ಇಂಥ ಕಾನೂನು ಯಾಕೆ ಬಂತು ಅಂತ ಖಾಕಿ ಹಾಕಿದ ಯಾರನ್ನೂ ಕೇಳಬೇಕಾಗಿಲ್ಲ. ಬ್ರಿಟಿಷರ ಕಾಲದಲ್ಲೇ ಅವರಿಗೆ ಗೊತ್ತಿತ್ತು, ಠಾಣೆಯ ಒಳಕೋಣೆಯಲ್ಲಿ ಒಪ್ಪಿಗೆ ಹೇಗೆ ಹುಟ್ಟುತ್ತದೆ ಅಂತ. 1996ರಲ್ಲಿ ಡಿ.ಕೆ. ಬಸು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬಂಧನದ ನಿಯಮ ಹಾಕಿತು. 2020ರಲ್ಲಿ ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ವಿಚಾರಣೆಯ ಕೋಣೆಯಲ್ಲೂ ಇರಬೇಕು ಅಂದಿತು. ಮುಂದಿನ ಕಾಲದ ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿಗೂ ಒಂದು ಮಾತು. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ಮಿದುಳಿನ ಮ್ಯಾಪಿಂಗ್ ಇವನ್ನು ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡಬಾರದು ಅಂತ 2010ರಲ್ಲಿ ತೀರ್ಪು ಬಂದದ್ದು ನಮ್ಮ ರಾಜ್ಯದ ಕೇಸಿನಲ್ಲೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಆ ತೀರ್ಪು ಬಂದಾಗ ನಮ್ಮ ಠಾಣೆಯಲ್ಲಿ ಗೊಣಗಿದವರು ಬಹಳ ಜನ. ನಾನು ಗೊಣಗಲಿಲ್ಲ. ಹೆದರಿದ ಮನುಷ್ಯ ಏನು ಬೇಕಾದರೂ ಒಪ್ಪುತ್ತಾನೆ, ಮಾಡದ್ದನ್ನೂ ಒಪ್ಪುತ್ತಾನೆ. ಅದನ್ನು ಕಣ್ಣಾರೆ ಕಂಡ ಮೇಲೆ ಗೊಣಗುವುದಕ್ಕೆ ಏನಿದೆ?

ಈವ್ ಕೈ ಎತ್ತುತ್ತಾಳೆ ಅಂತ ನಾನು ಹೇಳುತ್ತಿಲ್ಲ. ಹಕ್ಕುಗಳನ್ನು ಓದಿ ಹೇಳುತ್ತಾಳೆ, ವಕೀಲರು ಬೇಕೆಂದರೆ ಬರಲಿ ಅನ್ನುತ್ತಾಳೆ, ಎಲ್ಲವನ್ನೂ ರೆಕಾರ್ಡ್ ಮಾಡುತ್ತಾಳೆ. ಅವಳು ಗೆಲ್ಲುವುದು ಒಳಗೆ ಹೋಗುವ ಮೊದಲು ಮಾಡಿಕೊಂಡ ತಯಾರಿಯಿಂದ. ಹಣ ಎಲ್ಲಿಂದ ಬಂತು, ಆ ರಾತ್ರಿ ಯಾರು ಎಲ್ಲಿದ್ದರು, ಶವಪರೀಕ್ಷೆಯಲ್ಲಿ ಡಾಕ್ಟರ್ ಮಾರಿಸ್ ಏನು ಕಂಡರು ಎಲ್ಲವೂ ಫೈಲಿನಲ್ಲಿ ಇರುತ್ತದೆ. ವಿದ್ಯಾರ್ಥಿನಿ ಇದನ್ನು ಓದಿಯೂ ಬಿಟ್ಟಿದ್ದಾಳೆ. ತಪ್ಪು ಅವಳದ್ದಲ್ಲ, ಪುಸ್ತಕವೇ ಆ ಕೋಣೆಯ ಕಡೆಗೆ ಎಲ್ಲರನ್ನೂ ಓಡಿಸಿಕೊಂಡು ಹೋಗುತ್ತದೆ. ಬಾಯಿ ಬಿಟ್ಟ, ಕೇಸ್ ಮುಗಿಯಿತು, ಗಂಡನ ಜೊತೆ ಮನೆಗೆ. ನಮ್ಮಲ್ಲಿ ಕೇಸ್ ಶುರುವಾಗುವುದೇ ಆಮೇಲೆ.

ಕೋರ್ಟಿನಲ್ಲಿ ನಿಲ್ಲುವುದು ಮಹಜರು, ಅಂದರೆ ಜಾಗದಲ್ಲಿ ಕಂಡದ್ದನ್ನು ಸಾಕ್ಷಿಗಳ ಎದುರು ಬರೆದಿಟ್ಟ ಕಾಗದ. ಈ ಕೆಲಸದ ಬಗ್ಗೆ ಯಾರೂ ಕಾದಂಬರಿ ಬರೆಯುವುದಿಲ್ಲ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಜುಲೈ ತಿಂಗಳು, ಹೊಸನಗರದ ಕಡೆ ಒಂದು ಅಡಿಕೆ ತೋಟ ಅಂತಿಟ್ಟುಕೊಳ್ಳಿ. ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ. ಹೆಣ ತೋಟದ ಕಪ್ಪಿನಲ್ಲಿ, ಅಂದರೆ ಸಾಲುಗಳ ನಡುವಿನ ಕಾಲುವೆಯಲ್ಲಿದೆ. ಒಬ್ಬ ಕಾನ್‌ಸ್ಟೆಬಲ್ ಕೊಡೆ ಹಿಡಿಯುತ್ತಾನೆ, ನಾನು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತೇನೆ. ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಕಾಲುದಾರಿ, ದಕ್ಷಿಣಕ್ಕೆ ಬೇಣ (ಹುಲ್ಲುಗಾವಲು). ತಲೆ ಯಾವ ದಿಕ್ಕಿಗೆ, ಕಾಲು ಯಾವ ದಿಕ್ಕಿಗೆ, ಗಾಯ ಎಷ್ಟು ಉದ್ದ. ಬರೆಯುತ್ತಿರುವಾಗಲೇ ಉಂಬಳ (ಜಿಗಣೆ) ಕಾಲ್ಚೀಲದ ಒಳಗೆ ಹೋಗಿರುತ್ತದೆ. ಕಾಗದ ಒದ್ದೆಯಾದರೆ ಮತ್ತೆ ಮೊದಲಿಂದ. ಆಮೇಲೆ ಪಂಚರನ್ನು, ಅಂದರೆ ಮಹಜರಿಗೆ ಸಹಿ ಹಾಕುವ ಸಾಕ್ಷಿಗಳನ್ನು, ಹುಡುಕಬೇಕು. ಹೆಣ ನೋಡಲು ಇಡೀ ಊರು ಬಂದಿರುತ್ತದೆ, ಸಹಿ ಹಾಕಿ ಅಂದರೆ ಒಬ್ಬರೂ ಇಲ್ಲ. “ಕೋರ್ಟು ಕಚೇರಿ ಯಾರು ತಿರುಗ್ತಾರೆ ಮಾರಾಯ್ರೇ” ಅಂತ ಹಾಳೆ ಟೋಪಿ ಸರಿಮಾಡಿಕೊಂಡು ತೋಟದ ಆಚೆ ಇಳಿದುಬಿಡುತ್ತಾರೆ. ಅವರದ್ದೂ ತಪ್ಪಲ್ಲ. ಸಾಕ್ಷಿ ಹೇಳಲು ಕರೆಯುವುದು ವರ್ಷಗಳಾದ ಮೇಲೆ, ಕೊಯ್ಲಿನ ದಿನವೇ ಸಮನ್ಸ್ ಬರುತ್ತದೆ.

ಶರಾವತಿ ಹಿನ್ನೀರಿನ ಆಚೆ ಏನಾದರೂ ಆದರೆ ಇನ್ನೊಂದು ಕಥೆ. ಸಿಗಂದೂರಿನ ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು ತುಮರಿ ಕಡೆಯಿಂದ ಬರುವುದೆಂದರೆ ಲಾಂಚಿಗೆ ಕಾಯುವುದು. ಸಂಜೆಯ ಕೊನೆಯ ಲಾಂಚ್ ತಪ್ಪಿತೆಂದರೆ ಹೆಣದ ಜೊತೆ ಪೊಲೀಸರೂ ಅಲ್ಲೇ. ಅರಗು ಮುದ್ರೆ ಒತ್ತಿದ ಮುದ್ದೆಮಾಲಿನ (ಕೇಸಿನಲ್ಲಿ ಜಪ್ತಿ ಮಾಡಿದ ವಸ್ತುಗಳ) ಗಂಟನ್ನು ನೀರಿನ ಗಾಳಿಯಲ್ಲಿ ಮಡಿಲಲ್ಲಿ ಇಟ್ಟುಕೊಂಡು ದಾಟಿದ್ದೇವೆ. ಆ ಸೀಲ್ ಸ್ವಲ್ಪ ಒಡೆದಿದ್ದರೂ ಆರೋಪಿಯ ವಕೀಲರು ಅದನ್ನೇ ಹಿಡಿದು ಒಂದು ದಿನ ಪೂರ್ತಿ ಪ್ರಶ್ನೆ ಕೇಳುತ್ತಾರೆ. ಕೇಳಬೇಕಾದ್ದೇ.

ಇಂಥ ಕಣ್ಣಿನಿಂದ ನೋಡಿದರೆ ಸರಣಿಯಲ್ಲಿ ನನಗೆ ಕಿರಿಕಿರಿ ಮಾಡುವವನು ರೋರ್ಕ್. ಮನೆಯಲ್ಲಿ ನೋಂದಣಿ ಇಲ್ಲದ ಕಂಪ್ಯೂಟರ್ ಇಟ್ಟುಕೊಂಡು ಸರ್ಕಾರದ ಕಣ್ಣು ತಪ್ಪಿಸಿ ಮಾಹಿತಿ ತೆಗೆಯುತ್ತಾನೆ, ಹೆಂಡತಿಗೆ ಕೊಡುತ್ತಾನೆ. ಮೊದಮೊದಲು ಅವಳಿಗೆ ಅದರ ಬಗ್ಗೆ ಕಸಿವಿಸಿ ಇದೆ, ಓದುಗರಿಗೆ ಅದೂ ಇಲ್ಲ. ಹೆಣ ಸಿಕ್ಕ ಕಟ್ಟಡದ ಮಾಲೀಕನೂ ಎಷ್ಟೋ ಸಲ ಅವನೇ! ನಮ್ಮಲ್ಲಿ ಎಸ್‌ಐ ಮೇಡಂ ಗಂಡ ಕೇಸ್ ಡೈರಿ ಮುಟ್ಟಿದರೆ ಮಾರನೇ ದಿನ ಇಬ್ಬರ ಫೋಟೊವೂ ನಿಮ್ಮ ಪತ್ರಿಕೆಯಲ್ಲಿ ಬರುತ್ತದೆ.

ಹಾಗಾದರೆ ಯಾಕೆ ಓದುತ್ತೀರಿ ಅಂತ ಕೇಳಬಹುದು. ಸಾವಿನ ಸುದ್ದಿ ಮುಟ್ಟಿಸುವ ಪುಟಗಳಿಗಾಗಿ ಓದುತ್ತೇನೆ. ನಿಮಗೆ ಬಂದ ಯಾವ ಪತ್ರದಲ್ಲೂ ಅದರ ಮಾತಿಲ್ಲ. ಈವ್ ಆ ಕೆಲಸವನ್ನು ಕೆಳಗಿನವರ ಮೇಲೆ ಹಾಕುವುದಿಲ್ಲ. ತಾನೇ ಹೋಗುತ್ತಾಳೆ, ಬಾಗಿಲು ತಟ್ಟುತ್ತಾಳೆ, ಸುತ್ತಿಬಳಸದೆ ಹೇಳುತ್ತಾಳೆ. ಆಮೇಲೆ ಅವರು ಅತ್ತರೂ ಬೈದರೂ ನಿಂತಿರುತ್ತಾಳೆ. ಬಾಲ್ಯದಲ್ಲಿ ಅಪ್ಪನಿಂದಲೇ ನರಕ ಕಂಡು, ಡಲ್ಲಾಸ್ ಊರಿನ ಗಲ್ಲಿಯಲ್ಲಿ ಸಿಕ್ಕ ಮಗು ಅವಳು. ಊರಿನ ಹೆಸರನ್ನೇ ಅವಳ ಹೆಸರಿಗೆ ಸೇರಿಸಿದರು. ಅಂಥವಳು ಬೇರೆಯವರ ಮನೆಯ ಬಾಗಿಲಲ್ಲಿ ನಿಲ್ಲುವಾಗ ಲೇಖಕಿ ಅವಸರ ಮಾಡುವುದಿಲ್ಲ. ಒಂದೇ ತರ ಅಂತ ಬೈಸಿಕೊಳ್ಳುವ ಪುಸ್ತಕಗಳಲ್ಲಿ ಈ ಭೇಟಿ ಮಾತ್ರ ಒಂದು ಮನೆಯಂತೆ ಇನ್ನೊಂದು ಮನೆಯಲ್ಲಿ ಇರುವುದಿಲ್ಲ.

ನಮ್ಮಲ್ಲಿ ಹಾಗಲ್ಲ. “ಮನೇಲಿ ಹೆಂಗಸರಿದ್ದಾರೆ, ನೀವು ಹೋಗಿ” ಅಂತ ಮಹಿಳಾ ಸಿಬ್ಬಂದಿಯನ್ನು ಕಳಿಸುತ್ತಾರೆ. ಜೊತೆಗೆ ಒಂದು ಪಾಠ ಹೇಳಿಕೊಟ್ಟಿರುತ್ತಾರೆ: ಸತ್ತದ್ದು ಹೇಳಬೇಡಿ, ಸ್ವಲ್ಪ ಹುಷಾರಿಲ್ಲ, ಆಸ್ಪತ್ರೆಗೆ ಸೇರಿಸಿದ್ದೇವೆ ಅನ್ನಿ. ಒಮ್ಮೆ ತೀರ್ಥಹಳ್ಳಿ ಕಡೆಯ ಒಂಟಿ ಮನೆಗೆ ಹೀಗೆ ಹೋಗಿದ್ದೆವು. ನಾನು ಆಗ ಹೊಸಬಳು. ಜೊತೆಗಿದ್ದ ಹಿರಿಯರು ಹಾಗೇ ಹೇಳಿದರು. ಆ ತಾಯಿ ಗಾಬರಿಯಲ್ಲೂ, “ಮಳೇಲಿ ಬಂದಿದೀರಿ, ಒಳಗೆ ಬನ್ನಿ” ಅಂದರು. ಮಗನಿಗೆ ಅಂತ ಒಂದು ಬುತ್ತಿಯಲ್ಲಿ ಗಂಜಿ ಕಟ್ಟಿಕೊಂಡು ಜೀಪು ಹತ್ತಿದರು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತಲುಪುವ ತನಕ, “ಏನಾದ್ರೂ ತಿಂದಿದ್ನಾ ತಂಗಿ, ಮಾತಾಡ್ತಿದ್ನಾ” ಅಂತ ನನ್ನನ್ನೇ ಕೇಳುತ್ತಿದ್ದರು. ಜೀಪಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ನಾನು ಹಿರಿಯಳಾದಾಗ ನನ್ನ ಜೊತೆ ಬಂದ ಹುಡುಗಿಯರಿಗೆ ಆ ಪಾಠ ಹೇಳಿಕೊಡಲಿಲ್ಲ. ಅಂಗಳದಲ್ಲೇ ನಿಂತು, ಅಕ್ಕಪಕ್ಕದ ಮನೆಯವರೊಬ್ಬರನ್ನು ಕರೆಸಿಕೊಂಡು, ಇದ್ದದ್ದನ್ನು ಹೇಳಿಬಿಡಿ ಅನ್ನುತ್ತಿದ್ದೆ.

ದಾವಣಗೆರೆಯ ವಿದ್ಯಾರ್ಥಿನಿಗೆ ಒಂದು ಸಲಹೆ. ಸರಣಿಯನ್ನು ಬಿಡಬೇಡ, ಓದು. ಜೊತೆಗೆ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ಜಿಲ್ಲಾ ನ್ಯಾಯಾಲಯಕ್ಕೆ ಹೋಗು. ಸಾಮಾನ್ಯವಾಗಿ ಕೋರ್ಟ್ ಹಾಲ್ ಎಲ್ಲರಿಗೂ ತೆರೆದದ್ದೇ. ಸೆಷನ್ಸ್ ಕೋರ್ಟಿನಲ್ಲಿ ಕೊಲೆ ಕೇಸ್ ನಡೆಯುತ್ತಿದ್ದರೆ ಹಿಂದಿನ ಬೆಂಚಿನಲ್ಲಿ ಕೂತು ಕೇಳು. ಮಹಜರಿಗೆ ಸಹಿ ಹಾಕಿದ ಪಂಚ ಕಟಕಟೆ ಹತ್ತಿ, “ಸಹಿ ನನ್ನದೇ ಸ್ವಾಮಿ, ಆದರೆ ಅದರಲ್ಲಿ ಏನು ಬರೆದಿತ್ತೋ ನನಗೆ ಗೊತ್ತಿಲ್ಲ” ಅನ್ನುತ್ತಾನೆ. ಸರ್ಕಾರಿ ವಕೀಲರು ಅವನನ್ನು ಹಾಸ್ಟೈಲ್ (ಪ್ರತಿಕೂಲ ಸಾಕ್ಷಿ) ಅಂತ ಪರಿಗಣಿಸಲು ಕೇಳುತ್ತಾರೆ. ತನಿಖಾಧಿಕಾರಿ ಬೆವರು ಒರೆಸಿಕೊಳ್ಳುತ್ತಾ ಫೈಲು ತಿರುವುತ್ತಾರೆ. ಅಲ್ಲಿ ಎಷ್ಟು ಕಥೆ ಇದೆ ಅಂತ ನೋಡಿಬಂದು ನೀನೇ ಬರಿ. 2058ರ ಶಿವಮೊಗ್ಗ ಅಂತ ಬೇಕಾದರೂ ಬರಿ, ಆಗಲೂ ಪಂಚರು ಬೇಕಾಗಬಹುದು. ಬರೆದರೆ ಕಾಸು ಕೊಟ್ಟು ಕೊಳ್ಳುವವರಲ್ಲಿ ನಾನೊಬ್ಬಳು.

ಸಂಪಾದಕರೇ, ಪತ್ರ ಉದ್ದವಾಯಿತು, ಗೊತ್ತು. ಜಾಗ ಇಲ್ಲ ಅಂತಾದರೆ ಕಾಫಿಯ ವಿಷಯ, ಕೋವಿಯ ವಿಷಯ ಕತ್ತರಿಸಿ. ಮಹಜರಿನದ್ದನ್ನೂ ಆ ತಾಯಿಯದ್ದನ್ನೂ ಮಾತ್ರ ಮುಟ್ಟಬೇಡಿ.

ಇಂತಿ,
ನಿವೃತ್ತ ಮಹಿಳಾ ಎಎಸ್‌ಐ,
ವಿನೋಬನಗರ, ಶಿವಮೊಗ್ಗ